ಕಳಿಸಿದ ಮಾತೂ ನಮ್ಮ ನುಡಿಯೇ

2021ರಲ್ಲಿ ಕೊರೋನಾ ಎರಡನೆಯ ಅಲೆ ನಾಡನ್ನು ಕಾಡಿದಾಗ, ಮೂಗಿಗೆ ನಿಂಬೆರಸ ಬಿಟ್ಟರೆ ರೋಗ ಬಾರದೆಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹಳ್ಳಿಗಳಿಗೂ ಹಬ್ಬಿತು. ಮಠಕ್ಕೆ ಬಂದ ಹಿರಿಯರೊಬ್ಬರನ್ನು 'ಇದನ್ನು ಯಾರು ಹೇಳಿದರು?' ಎಂದು ಕೇಳಿದೆವು. 'ಮೊಮ್ಮಗ ಕಳಿಸಿದ್ದಾನೆ, ಬುದ್ಧಿ' ಎಂದರು.

ಸುಳ್ಳು ವೈರಿಯ ಕೈಯಿಂದ ಬಂದರೆ ಯಾರೂ ನಂಬರು. ಪ್ರೀತಿಯವರ ಕೈಯಿಂದ ಬಂದರೆ ಪ್ರಸಾದದಂತೆ ಸ್ವೀಕರಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. 2020ರಲ್ಲಿ ಇರಾನ್ ದೇಶದಲ್ಲಿ ಮದ್ಯಸಾರ ಕುಡಿದರೆ ಕೊರೋನಾ ತಟ್ಟದೆಂಬ ಇಂಥದೇ ವದಂತಿ ಹಬ್ಬಿ, ವಿಷಕಾರಿ ಮೆಥನಾಲ್ ಕುಡಿದು ನೂರಾರು ಜನ ಪ್ರಾಣ ಬಿಟ್ಟರು.

ಪರರ ಮಾತನ್ನು ಮುಂದೆ ಕಳಿಸಿದರೂ ಅದು ನಮ್ಮ ನುಡಿಯೇ. ಅದರ ಪಾಪಪುಣ್ಯ ನಮ್ಮದೇ. ಆದ್ದರಿಂದ ಸದ್ಭಕ್ತರು ಔಷಧದ ಮಾತು ಬಂದಾಗ ಮೊದಲು ವೈದ್ಯರನ್ನು ಕೇಳಬೇಕು, ಆಮೇಲೆ ಬೆರಳು ಒತ್ತಬೇಕು. ಕರುಣೆಗೆ ಅರಿವಿನ ಕಣ್ಣಿರಲಿ.