ನಮ್ಮ ನೋವಿಗೂ ಆಧಾರ ಬೇಕು

ವಿಶ್ವಕೋಶಕ್ಕಾಗಿ ಟಿಪ್ಪು ಸುಲ್ತಾನನ ಜೀವನಚರಿತ್ರೆ ಬರೆಯುವವರು ನಮ್ಮ ಪೂರ್ವಜರ ಸೆರೆವಾಸವನ್ನು ಮರೆಮಾಚಬಾರದೆಂದು ನಾವು ಆಗ್ರಹಿಸುತ್ತೇವೆ. ಅದು ನ್ಯಾಯವೇ. ಆದರೆ ನಾವು ಒದಗಿಸುವ ಆಧಾರಗಳನ್ನು ನಾವು ಪರಿಶೀಲಿಸಿದ್ದೇವೆಯೇ?

ಕರಾವಳಿಯ ಕ್ರೈಸ್ತರು ಸೆರೆಯಾದದ್ದು 1784ರ ಫೆಬ್ರವರಿ 24, ವಿಭೂತಿ ಬುಧವಾರದಂದು ಎಂದು ಅನೇಕ ಬರಹಗಳು ಹೇಳುತ್ತವೆ. ಆ ವರ್ಷ ಈಸ್ಟರ್ ಹಬ್ಬ ಬಂದದ್ದು ಏಪ್ರಿಲ್ 11ರಂದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ಫೆಬ್ರವರಿ 25ಕ್ಕೆ ಬೀಳುತ್ತದೆ. ದಿನಾಂಕ ಸರಿಯಾದರೆ ವಾರ ತಪ್ಪು. ವಾರ ಸರಿಯಾದರೆ ದಿನಾಂಕ ತಪ್ಪು. ಸೆರೆಯಾದವರ ಸಂಖ್ಯೆಯನ್ನೂ 30,000ದಿಂದ 80,000ದವರೆಗೆ ಬಗೆಬಗೆಯಾಗಿ ಹೇಳಲಾಗಿದೆ. ಒಂದು ಗ್ರಂಥದ ಅಂಕಿಯನ್ನು ಹತ್ತು ಗ್ರಂಥಗಳು ನಕಲು ಮಾಡಿದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗವು.

ಇಂಥ ಸಣ್ಣ ತಪ್ಪೇ ಇಡೀ ದುರಂತವನ್ನು ಕಟ್ಟುಕಥೆಯೆಂದು ತಳ್ಳಿಹಾಕುವವರಿಗೆ ನೆಪವಾಗುತ್ತದೆ. ಸೆರೆವಾಸ ಸತ್ಯ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅಳಿದುಳಿದವರು ಬಿಡುಗಡೆ ಹೊಂದಿದರು. ಶೃಂಗೇರಿ ಮಠಕ್ಕೆ ಟಿಪ್ಪು ಗೌರವದಿಂದ ಬರೆದ ಪತ್ರಗಳೂ ಸತ್ಯ. ಎರಡಕ್ಕೂ ಆ ಪುಟದಲ್ಲಿ ಸ್ಥಾನವಿರಲಿ.

ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಆಜ್ಞೆಯಿಂದ ನೊಂದವರಿಗೂ ವಿನಾಯಿತಿಯಿಲ್ಲ.