ಅವರೂ ಸೆನ್ಸರ್ ಮುಟ್ಟುವುದಿಲ್ಲ

"ಸೆನ್ಸರ್ ಮಾತ್ರ ಮುಟ್ಟಬೇಡಿ, ಹಾಳಾಗುತ್ತೆ" ಎಂದು ರಿಪೇರಿ ಅಂಗಡಿಯವರು ಹೆದರಿಸಿದರು. ಹೆದರಿ ಎರಡು ವರ್ಷ ದುಡ್ಡು ಕೊಟ್ಟೆ. ಆಮೇಲೆ ಗೊತ್ತಾಯಿತು, ಅವರೂ ಸೆನ್ಸರ್ ಮುಟ್ಟುವುದಿಲ್ಲ! ಧೂಳು ಕೂರುವುದು ಸೆನ್ಸರ್ ಮುಂದಿರುವ ಫಿಲ್ಟರ್ ಗಾಜಿನ ಮೇಲೆ, ಒರೆಸುವುದೂ ಅದನ್ನೇ. 'ಸೆನ್ಸರ್ ಕ್ಲೀನಿಂಗ್' ಎಂಬ ಹೆಸರೇ ಅರ್ಧ ಭಯ ಹುಟ್ಟಿಸುತ್ತದೆ.

ಗಾಜಿಗೆ ಗೀರು ಬೀಳುವುದಿಲ್ಲವೇ? ಅಂಗಿಯ ಅಂಚಿನಿಂದ ಒರೆಸಿದರೆ ಬೀಳುತ್ತದೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ, ಡಬ್ಬಿ ಗಾಳಿ ಬಿಟ್ಟರೆ ಅದರೊಳಗಿನ ದ್ರವ ಸಿಡಿದು ಕಲೆಯಾಗಬಹುದು. ಇಂಥ ಅವಿವೇಕಗಳನ್ನು ತೋರಿಸಿ ಎಲ್ಲರ ಕೈ ಕಟ್ಟಿಹಾಕುವುದು ವ್ಯಾಪಾರ, ಕಾಳಜಿಯಲ್ಲ.

ಮೊದಲು ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆ ಕಾಣದಿದ್ದರೆ ಸುಮ್ಮನಿರಿ. ಕಂಡರೆ, ಡಿಎಸ್‌ಎಲ್‌ಆರ್ ಆದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮೆನುವಿನಿಂದ ಕನ್ನಡಿ ಮೇಲೆತ್ತಿ. ನಡುವೆ ಚಾರ್ಜ್ ಮುಗಿದರೆ ಅದು ಕೆಳಗೆ ಬಡಿಯುತ್ತದೆ, ನಿಜವಾದ ಅಪಾಯ ಅದು. ಕ್ಯಾಮೆರಾ ಬೋರಲು ಹಿಡಿದು ರಬ್ಬರ್ ಬ್ಲೋವರ್ ಒತ್ತಿ. ಸಡಿಲ ಧೂಳು ಅಷ್ಟಕ್ಕೇ ಉದುರುತ್ತದೆ.

ಅಂಟಿಕೊಂಡದ್ದಕ್ಕೆ ಮಾತ್ರ ಸ್ವಾಬ್: ಫುಲ್ ಫ್ರೇಮಿಗೆ 24 ಮಿ.ಮೀ., ಎಪಿಎಸ್-ಸಿಗೆ 16. ಸೆನ್ಸರಿಗೆಂದೇ ಬರುವ ದ್ರವ ಎರಡು ಹನಿ. ಒಂದೇ ಎಳೆತ, ಸ್ವಾಬಿನ ಇನ್ನೊಂದು ಮುಖದಿಂದ ವಾಪಸ್, ಆಮೇಲೆ ಕಸದ ಬುಟ್ಟಿಗೆ. ಉಳಿಸೋಣವೆಂದು ಅದನ್ನೇ ಮತ್ತೆ ಎಳೆದು, ಒಂದು ಚುಕ್ಕೆಯನ್ನು ಐದು ಮಾಡಿಕೊಂಡವಳು ನಾನು. ಇನ್ನೊಂದು ಸ್ವಾಬ್ ತೆಗೆದೆ, ಹೋಯಿತು.

ಬಾಡಿಯಲ್ಲೇ ಸ್ಟೆಬಿಲೈಸೇಷನ್ ಇರುವ ಕ್ಯಾಮೆರಾಗಳಲ್ಲಿ ಸೆನ್ಸರೇ ಅಲುಗಾಡುತ್ತದೆ. ಅಂಥದ್ದಿದ್ದವರು ಮೊದಲು ಮ್ಯಾನುಯಲ್ ಓದಿ. ಫಂಗಸ್ ಹಿಡಿದಿದ್ದರೆ ಮಾತ್ರ ಅಂಗಡಿಗೆ ಹೋಗಿ.