ದೊರೆ ಹೋದ, ದಫ್ತರ ಉಳಿಯಿತು

2025ರ ಆಗಸ್ಟ್ 6ರಂದು ಬೊಲಿವಿಯಾ ಸ್ವತಂತ್ರವಾಗಿ ಇನ್ನೂರು ವರ್ಷಗಳು ತುಂಬಿದವು. ಇಷ್ಟು ದೀರ್ಘಕಾಲದ ಅನಂತರವೂ ಅಲ್ಲಿನ ಬಡತನ, ಜನಾಂಗ ವೈಷಮ್ಯಗಳಿಗೆ ಸ್ಪೇನಿನ ಆಳರಸರನ್ನು ದೂರುವುದು ಸಲ್ಲದೆಂದು ವಾದಿಸುವವರುಂಟು. ವಾದದಲ್ಲಿ ಅರ್ಧ ಸತ್ಯವಿದೆ. 1825ರ ಅನಂತರದ ಅನ್ಯಾಯಗಳನ್ನು ಎಸಗಿದವರು ಸ್ಪೇನಿನ ಅಧಿಕಾರಿಗಳಲ್ಲ. ಆದರೆ ಎಸಗಿದವರ ಕೈಯಲ್ಲಿದ್ದ ದಫ್ತರ ಸ್ಪೇನಿನದು.

1545ರಲ್ಲಿ ಪೊಟೊಸಿಯ ಬೆಟ್ಟದಲ್ಲಿ ಬೆಳ್ಳಿ ದೊರೆಯಿತು. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ, ಇಂಕಾ ಅರಸರ ಕಾಲದ ‘ಮಿತಾ’ ಎಂಬ ಸರದಿ ದುಡಿಮೆಯನ್ನು ಗಣಿಗೆ ಆಳು ಒದಗಿಸುವ ಯಂತ್ರವನ್ನಾಗಿ ಮಾರ್ಪಡಿಸಿದನು. ಚದುರಿದ್ದ ಹಳ್ಳಿಗರನ್ನು ಹೊಸ ಊರುಗಳಿಗೆ ಒಟ್ಟುಗೂಡಿಸಿ, ತಲೆ ಎಣಿಸಿ, ಪಟ್ಟಿ ಬರೆಸಿದನು. ಹದಿನಾರು ಪ್ರಾಂತಗಳ ಗಂಡಸರಲ್ಲಿ ಏಳಕ್ಕೊಬ್ಬರಂತೆ, ವರ್ಷಕ್ಕೆ ಸುಮಾರು 13,000 ಮಂದಿ ಪೊಟೊಸಿಗೆ ಹೋಗಬೇಕಾಯಿತು. ಈ ಏರ್ಪಾಡು ರದ್ದಾದುದು 1812ರಲ್ಲಿ. ಗಣಿಯ ಕ್ರೌರ್ಯವನ್ನು ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ನಮಗೆ ಮುಖ್ಯವೆನಿಸುವುದು ಆ ಪಟ್ಟಿ. ಆಯ್ಮಾರಾ, ಕೆಚುವಾ ಮೊದಲಾದ ಜನರೆಲ್ಲ ಅದರಲ್ಲಿ ‘ಇಂಡಿಯನ್’ ಎಂಬ ಒಂದೇ ಶೀರ್ಷಿಕೆಗೆ ಸೇರಿದರು. ತಲೆಗಂದಾಯ ತೆರುವವನು ಇಂಡಿಯನ್. ಅದನ್ನು ತಿನ್ನುವವನು ಬಿಳಿಯ.

ಸ್ವಾತಂತ್ರ್ಯ ಬಂದೊಡನೆ ಈ ಕಂದಾಯವನ್ನು ರದ್ದುಪಡಿಸಿದರು. ಖಜಾನೆ ಬರಿದಾದುದರಿಂದ 1826ರಲ್ಲೇ ಅದು ಮರಳಿ ಬಂತು. ಮುಂದೆ ಹಲವು ದಶಕಗಳ ಕಾಲ ಗಣರಾಜ್ಯದ ಪ್ರಧಾನ ಆದಾಯ ಅದೇ. ಕಂದಾಯಕ್ಕೆ ಪ್ರತಿಯಾಗಿ ಸ್ಪೇನಿನ ರಾಜ ಹಳ್ಳಿಗರ ಸಾಮೂಹಿಕ ಭೂಮಿಯನ್ನಾದರೂ ಮಾನ್ಯಮಾಡಿದ್ದ. ಸ್ವದೇಶಿ ಪ್ರಭುಗಳು ಆ ಮರ್ಯಾದೆಯನ್ನೂ ಉಳಿಸಲಿಲ್ಲ. ಅಧ್ಯಕ್ಷ ಮೆಲ್ಗಾರೆಹೊನ 1866ರ ಆಜ್ಞೆಯಂತೆ, ಹಳ್ಳಿಗರು ತಮ್ಮದೇ ನೆಲದ ಹಕ್ಕುಪತ್ರವನ್ನು ಅರುವತ್ತು ದಿನಗಳೊಳಗೆ ಹಣ ಕೊಟ್ಟು ಕೊಳ್ಳಬೇಕು, ಇಲ್ಲವಾದರೆ ಹರಾಜು. ಭೂಮಿ ಕಳೆದುಕೊಂಡವರು ಜಮೀನುದಾರರ ಬಿಟ್ಟಿ ಆಳುಗಳಾದರು. ಓದುಬರಹವಿಲ್ಲವೆಂಬ ಕಾರಣಕ್ಕೆ ಅವರಿಗೆ ಮತವೂ ಇಲ್ಲ. ಶಾಲೆ ಕಟ್ಟಿಸದವರೇ ಈ ನಿಯಮ ಮಾಡಿದವರು! ಎಲ್ಲರಿಗೂ ಮತ ದೊರೆತುದು 1952ರ ಕ್ರಾಂತಿಯಲ್ಲಿ, ಭೂಸುಧಾರಣೆ 1953ರಲ್ಲಿ.

ಕಚೇರಿಯ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾದ ಬಾಳು ಪರನಾಡ ಕನ್ನಡಿಗರಿಗೆ ಹೊಸದಲ್ಲ. ಆದರೆ ನಾವು ಅನ್ನ ಅರಸಿ ಬಂದವರು. ಅವರು ತಮ್ಮ ನೆಲದಲ್ಲೇ ಹೊರಗಿನವರಾದರು. 2009ರ ಸಂವಿಧಾನ 36 ಮೂಲನಿವಾಸಿ ಭಾಷೆಗಳಿಗೆ ಸ್ಪ್ಯಾನಿಷಿನೊಡನೆ ಅಧಿಕೃತ ಸ್ಥಾನವಿತ್ತು, ಸರ್ಕಾರಿ ನೌಕರನಿಗೆ ಎರಡು ಭಾಷೆ ತಿಳಿದಿರಬೇಕೆಂದು ವಿಧಿಸಿದೆ. ಕಡತಗಳು ಮಾತ್ರ ಬಹುಮಟ್ಟಿಗೆ ಈಗಲೂ ಸ್ಪ್ಯಾನಿಷಿನಲ್ಲೇ ಸಾಗುತ್ತಿವೆ.